ಎಕ್ಸ್‌ಟೆನ್ಷನ್ ಬೋರ್ಡ್: ಪಾಯಿಂಟ್ ಎಣಿಸಬೇಡಿ, ವ್ಯಾಟ್ ಎಣಿಸಿ



ನಮ್ಮ ಸಂಘಗಳ ಅನೇಕ ಸದಸ್ಯೆಯರಿಗೆ ಮನೆಯೇ ಕೆಲಸದ ಜಾಗ. ಹೊಲಿಗೆ, ಮಸಾಲೆ ಪುಡಿ, ಇಸ್ತ್ರಿ, ಎಲ್ಲವೂ ಅಲ್ಲೇ. ಆದರೆ ಎಷ್ಟೋ ಮನೆಗಳಲ್ಲಿ ಕೋಣೆಗೆ ಒಂದೇ ಪ್ಲಗ್ ಪಾಯಿಂಟ್. ಅದಕ್ಕೊಂದು ಎಕ್ಸ್‌ಟೆನ್ಷನ್ ಬೋರ್ಡ್ ಸಿಕ್ಕಿಸಿ ಎಲ್ಲವನ್ನೂ ಅದರಲ್ಲೇ ನಡೆಸುತ್ತೇವೆ.

ಮದುವೆ ಸೀಸನ್ನಿನಲ್ಲಿ ಹೊಲಿಗೆ ಮಾಡುವ ಒಬ್ಬ ಸದಸ್ಯೆಯ ಮನೆಯಲ್ಲಿ ನಡೆದದ್ದು ಕೇಳಿ. ಒಂದೇ ಬೋರ್ಡಿನಲ್ಲಿ ಹೊಲಿಗೆ ಯಂತ್ರದ ಮೋಟಾರು, ಫ್ಯಾನು, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಇತ್ತು. ನಾಲ್ಕು ದಿನದಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತಿತ್ತಂತೆ. ಕೆಲಸದ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ. ಒಂದು ಬೆಳಿಗ್ಗೆ ಬೋರ್ಡಿನಿಂದ ಹೊಗೆ ಎದ್ದು, ಪಕ್ಕದಲ್ಲಿದ್ದ ಬಟ್ಟೆಯ ರಾಶಿಗೆ ಬೆಂಕಿ ಹತ್ತಿತು. ಹಗಲಾದ್ದರಿಂದ ಜೀವ ಉಳಿಯಿತು. ಗಿರಾಕಿಗಳ ಸೀರೆ, ರವಿಕೆ ಬಟ್ಟೆ ಉಳಿಯಲಿಲ್ಲ. ಅದರ ಹಣ ಅವರೇ ತುಂಬಬೇಕಾಯಿತು, ಯಂತ್ರದ ಸಾಲದ ಕಂತೂ ನಿಲ್ಲಲಿಲ್ಲ. ಅವರು ಕೇಳಿದ ಪ್ರಶ್ನೆ ಹೀಗಿತ್ತು: "ಬೋರ್ಡಿನಲ್ಲಿ ನಾಲ್ಕು ಪಾಯಿಂಟ್ ಕೊಟ್ಟದ್ದು ನಾಲ್ಕು ಹಾಕಲಿಕ್ಕೇ ಅಲ್ವಾ ಸಿಸ್ಟರ್? ಫ್ಯೂಸ್ ಕೂಡ ಹೋಗಲಿಲ್ಲವಲ್ಲ!"

ಈ ಪ್ರಶ್ನೆ ನಮ್ಮೆಲ್ಲರದ್ದೂ ಹೌದು. ಉತ್ತರ ತಿಳಿಯೋಣ.

ಲೆಕ್ಕ ಹೀಗೆ

ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟ್. ಸಾಮಾನ್ಯ ಎಕ್ಸ್‌ಟೆನ್ಷನ್ ಬೋರ್ಡ್ ತಡೆಯುವುದು 6 ಆಂಪಿಯರ್. ಎರಡನ್ನೂ ಗುಣಿಸಿದರೆ 1380 ವ್ಯಾಟ್. ಇದು ಒಂದೊಂದು ಪಾಯಿಂಟಿಗೆ ಅಲ್ಲ, ಇಡೀ ಬೋರ್ಡಿಗೆ. ಒಂದು ಕೊಡಕ್ಕೆ ನಾಲ್ಕು ಬಾಯಿ ಇಟ್ಟರೆ ಕೊಡ ದೊಡ್ಡದಾಗುತ್ತದೆಯೇ?

ಈಗ ಆ ಮನೆಯ ಲೆಕ್ಕ ನೋಡಿ. ಇಸ್ತ್ರಿ ಪೆಟ್ಟಿಗೆ 1000, ಕಾಯಿಲ್ 1000, ಮೋಟಾರು 100, ಫ್ಯಾನು 75. ಒಟ್ಟು 2175 ವ್ಯಾಟ್, ಅಂದರೆ ಸುಮಾರು ಒಂಬತ್ತೂವರೆ ಆಂಪಿಯರ್. ಕರೆಂಟು ಎರಡರಷ್ಟು ಹರಿದರೆ ವೈರಿನಲ್ಲಿ ಬಿಸಿ ನಾಲ್ಕರಷ್ಟಾಗುತ್ತದೆ. ಈ ಮನೆಯಲ್ಲಿ ವೈರು ತಡೆಯಬೇಕಾದ್ದಕ್ಕಿಂತ ಎರಡೂವರೆ ಪಟ್ಟು ಬಿಸಿ ಹುಟ್ಟುತ್ತಿತ್ತು. ಆ ಬಿಸಿಗೆ ವೈರಿನ ಮೇಲಿನ ಪ್ಲಾಸ್ಟಿಕ್ ಮೆತ್ತಗಾಗಿ, ಕರಗಿ, ಕೊನೆಗೆ ಒಳಗಿನ ತಂತಿಗಳು ಒಂದಕ್ಕೊಂದು ತಾಗುತ್ತವೆ.

ಫ್ಯೂಸ್ ಏಕೆ ಹೋಗಲಿಲ್ಲ? ಏಕೆಂದರೆ ಗೋಡೆಯ ಎಂ.ಸಿ.ಬಿ. 16 ಆಂಪಿಯರಿನದು. ಅದು ಕಾಯುವುದು ಗೋಡೆಯೊಳಗಿನ ದಪ್ಪ ವೈರನ್ನು. ಒಂಬತ್ತೂವರೆ ಆಂಪಿಯರ್ ಅದಕ್ಕೆ ಹೊರೆಯೇ ಅಲ್ಲ. ಬೋರ್ಡಿನ ತೆಳು ವೈರು ಬೇಯುತ್ತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ "ಫ್ಯೂಸ್ ಹೋಗಿಲ್ಲ, ಏನೂ ಆಗಲ್ಲ" ಎಂಬ ಮಾತನ್ನು ನಂಬಬೇಡಿ.

ಇನ್ನೊಂದು ಮಾತು. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಅನೇಕರ ಬಿಲ್ಲು ಸೊನ್ನೆಯಾಯಿತು. ಆದರೆ ಬಿಲ್ಲು ಸೊನ್ನೆಯಾದರೂ ವೈರಿನ ಮೇಲಿನ ಭಾರ ಸೊನ್ನೆಯಾಗುವುದಿಲ್ಲ.

ಬೋರ್ಡಿಗೆ ಯಾವುದು ಹಾಕಬಹುದು, ಯಾವುದು ಬೇಡ?

ಮೊಬೈಲ್ ಚಾರ್ಜರ್, ಟಿ.ವಿ., ಫ್ಯಾನು, ಎಲ್‌ಇಡಿ ದೀಪ, ಹೊಲಿಗೆ ಯಂತ್ರದ ಮೋಟಾರು ಹಾಕಬಹುದು. ಇಸ್ತ್ರಿ ಪೆಟ್ಟಿಗೆ, ಕಾಯಿಲ್, ಇಂಡಕ್ಷನ್ ಒಲೆ, ಗೀಸರ್, ಫ್ರಿಡ್ಜ್ ಇವು ಗೋಡೆಯ ಪಾಯಿಂಟಿಗೇ ಹೋಗಲಿ. 2000 ವ್ಯಾಟಿನ ಇಂಡಕ್ಷನ್ ಒಲೆ ಒಂದೇ ಸಾಕು, ಬೋರ್ಡಿನ ಮಿತಿ ಮೀರಲು. ದಪ್ಪ ಕಡ್ಡಿಯ ಪ್ಲಗ್ ಇರುವ ಸಾಮಾನು 16 ಆಂಪಿಯರಿನದು. ಅದು ಸಣ್ಣ ಪಾಯಿಂಟಿಗೆ ಹೋಗದಂತೆ ಬೇಕೆಂದೇ ಹಾಗೆ ಮಾಡಿದ್ದಾರೆ. ಕನ್ವರ್ಟರ್ ಹಾಕಿ ತುರುಕಬೇಡಿ.

ಎಷ್ಟು ವ್ಯಾಟ್ ಎಂದು ಪ್ರತಿ ಸಾಮಾನಿನ ಅಡಿಯಲ್ಲೋ ಹಿಂದೆಯೋ ಬರೆದಿರುತ್ತದೆ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ.

ನೆನಪಿಡಬೇಕಾದ ವಿಷಯಗಳು

1. ಒಂದು ಬೋರ್ಡಿಗೆ ಇನ್ನೊಂದು ಬೋರ್ಡ್ ಸಿಕ್ಕಿಸಬೇಡಿ. ಎರಡರ ಭಾರವೂ ಮೊದಲನೆಯದರ ಮೇಲೆ ಬೀಳುತ್ತದೆ.

2. ಪ್ಲಗ್ ಇಲ್ಲದೆ ಬರಿ ವೈರಿನ ತುದಿಯನ್ನು ಬೆಂಕಿಕಡ್ಡಿ ಒತ್ತಿ ನಿಲ್ಲಿಸಬೇಡಿ. ಸಡಿಲ ಇದ್ದಲ್ಲಿ ಕಿಡಿ ಹಾರುತ್ತದೆ. ಪ್ಲಗ್ ಅಲ್ಲಾಡುತ್ತಿದ್ದರೆ ಬೋರ್ಡ್ ಬದಲಿಸಿ.

3. ವೈರನ್ನು ಚಾಪೆಯ ಕೆಳಗೆ, ಹಾಸಿಗೆಯ ಕೆಳಗೆ ಹಾಯಿಸಬೇಡಿ. ಸುರುಳಿ ಸುತ್ತಿಯೂ ಬಳಸಬೇಡಿ. ಬಿಸಿ ಹೊರಹೋಗಲು ಜಾಗ ಬೇಕು.

4. ಬೋರ್ಡಿನ ಹತ್ತಿರ ಬಟ್ಟೆ, ಕಾಗದ, ಸೀಮೆಎಣ್ಣೆ ಇಡಬೇಡಿ. ನೀರು ತಾಗುವ ಜಾಗದಲ್ಲಿ ಬೋರ್ಡೇ ಬೇಡ.

5. ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿ. ಬೋರ್ಡಿಗೇ ಸ್ವಂತ ಫ್ಯೂಸ್ ಅಥವಾ ಕಟ್-ಆಫ್ ಬಟನ್ ಇದ್ದರೆ ಒಳ್ಳೆಯದು.

6. ಸುಟ್ಟ ಫ್ಯೂಸಿಗೆ ಕೈಗೆ ಸಿಕ್ಕ ದಪ್ಪ ತಂತಿ ಕಟ್ಟಬೇಡಿ. ಅದು ಕಾವಲುಗಾರನ ಕಣ್ಣು ಕಟ್ಟಿದ ಹಾಗೆ.

7. ಪ್ಲಗ್ಗಿನ ಸುತ್ತ ಕಂದು ಕಲೆ, ಚರಚರ ಶಬ್ದ, ಸುಟ್ಟ ವಾಸನೆ, ಮುಟ್ಟಿದರೆ ಬಿಸಿ, ಇದರಲ್ಲಿ ಒಂದು ಕಂಡರೂ ಆ ಬೋರ್ಡ್ ಬಳಸುವುದನ್ನು ಅವತ್ತೇ ನಿಲ್ಲಿಸಿ. ಟೇಪ್ ಸುತ್ತಿ ಮುಂದುವರಿಸಬೇಡಿ.

ಬೆಂಕಿ ಹತ್ತಿದರೆ

ಬೋರ್ಡನ್ನು ಮುಟ್ಟಬೇಡಿ, ನೀರು ಹಾಕಬೇಡಿ. ಕರೆಂಟು ಇರುವಾಗ ನೀರು ಹಾಕಿದರೆ ಶಾಕ್ ಹೊಡೆಯುತ್ತದೆ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಸಣ್ಣ ಬೆಂಕಿಯಾದರೆ ಒಣ ಮರಳು ಸುರಿಯಿರಿ. ದೊಡ್ಡದಾದರೆ ಸಾಮಾನು ಉಳಿಸಲು ನಿಲ್ಲಬೇಡಿ. ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೊರಗೆ ಬಂದು 112 ಅಥವಾ 101ಕ್ಕೆ ಫೋನ್ ಮಾಡಿ. ಮೇನ್ ಸ್ವಿಚ್ ಎಲ್ಲಿದೆ ಎಂದು ಮನೆಯ ಎಲ್ಲರಿಗೂ ಇವತ್ತೇ ತೋರಿಸಿಡಿ.

ಸಂಘದಲ್ಲಿ ಏನು ಮಾಡಬಹುದು?

ಮುಂದಿನ ವಾರದ ಸಭೆಗೆ ಪ್ರತಿಯೊಬ್ಬರೂ ತಮ್ಮ ಬೋರ್ಡಿಗೆ ಹಾಕುವ ಸಾಮಾನುಗಳ ವ್ಯಾಟ್ ಬರೆದು ತನ್ನಿ. ಒಟ್ಟಿಗೆ ಕೂಡಿಸಿ ನೋಡಿ. 1380 ದಾಟಿದ ಮನೆ ಯಾವುದು, ಅಲ್ಲಿ ಯಾವ ಸಾಮಾನು ಗೋಡೆಯ ಪಾಯಿಂಟಿಗೆ ಹೋಗಬೇಕು, ಚರ್ಚಿಸಿ. ಹೊಸ ಪಾಯಿಂಟ್ ಹಾಕಿಸಬೇಕಾದವರಿಗೆ ಒಳಸಾಲ ಕೊಡುವ ಬಗ್ಗೆ ನಿರ್ಣಯ ಮಾಡಿ. ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಯಂತ್ರಕ್ಕೆ ಸಾಲ ಕೇಳುವ ಸದಸ್ಯೆಗೆ "ಅದನ್ನು ಎಲ್ಲಿ ಸಿಕ್ಕಿಸುತ್ತೀರಿ?" ಎಂದು ಕೇಳುವುದನ್ನೂ ಅಭ್ಯಾಸ ಮಾಡಿಕೊಳ್ಳೋಣ.

ಆ ಸಹೋದರಿ ಈಗ ಗೋಡೆಗೆ ಬೇರೆ ಪಾಯಿಂಟ್ ಹಾಕಿಸಿ ಮತ್ತೆ ಹೊಲಿಯುತ್ತಿದ್ದಾರೆ. ಅವರು ಸುಟ್ಟ ಮೇಲೆ ಕಲಿತದ್ದನ್ನು ನಾವು ಸುಡುವ ಮೊದಲೇ ಕಲಿಯೋಣ.