ಬಾಣಂತಿಯ ತಲೆನೋವು ಕಡೆಗಣಿಸದಿರಿ: ಮಿದುಳಿನ ಅಭಿಧಮನಿಯಲ್ಲಿ ಹೆಪ್ಪು ಇರಬಹುದು

ಮಂಗಳೂರು: ಹೆರಿಗೆಯಾಗಿ ಹತ್ತು ದಿನ. ಬಾಣಂತಿಗೆ ಬಿಡದ ತಲೆನೋವು. ಶೀತವಾಗಿರಬೇಕೆಂದು ಮನೆಯವರು ತಲೆಗೆ ಬಟ್ಟೆ ಕಟ್ಟುತ್ತಾರೆ. ಎರಡು ದಿನಗಳ ಬಳಿಕ ಅಪಸ್ಮಾರ ಬಂದಾಗಲಷ್ಟೇ ಆಸ್ಪತ್ರೆಯ ನೆನಪಾಗುತ್ತದೆ.

ಹೆರಿಗೆಯ ನಂತರದ ತಲೆನೋವುಗಳಲ್ಲಿ ಹೆಚ್ಚಿನವು ಅಪಾಯಕಾರಿಯಲ್ಲ. ಆದರೆ ಕೆಲವರಲ್ಲಿ ಅದು, ಮಿದುಳಿನಿಂದ ರಕ್ತವನ್ನು ಹೊರಗೊಯ್ಯುವ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿರುವುದರ ಸೂಚನೆ.

ರಕ್ತ ಹಿಂದಿರುಗುವ ಹಾದಿ

ಮಿದುಳಿಗೆ ನಿಮಿಷಕ್ಕೆ ಸುಮಾರು 700 ಮಿಲಿಲೀಟರ್ ರಕ್ತ ಹರಿದುಬರುತ್ತದೆ. ಅಷ್ಟೂ ರಕ್ತ ಹೃದಯಕ್ಕೆ ಮರಳಬೇಕು. ಇಲ್ಲಿನ ಅಭಿಧಮನಿಗಳ ಗೋಡೆ ತೆಳುವಾದುದು, ಅವುಗಳಲ್ಲಿ ಕವಾಟಗಳಿಲ್ಲ. ಅವು ಮಿದುಳಿನ ಹೊದಿಕೆಯ ಪದರಗಳ ನಡುವಿನ 'ಸೈನಸ್' ಎಂಬ ಕಾಲುವೆಗಳಿಗೆ ರಕ್ತ ಸುರಿಯುತ್ತವೆ. ಮೂಗಿನ ಸೈನಸ್ ಬೇರೆ, ಇದು ಬೇರೆ.

ಮೇಲ್ಮೈಯ ರಕ್ತದ ಬಹುಪಾಲು ನೆತ್ತಿಯ ಕೆಳಗೆ ಮುಂದಿನಿಂದ ಹಿಂದಕ್ಕೆ ಸಾಗುವ ಸೈನಸ್‌ಗೆ ಸೇರುತ್ತದೆ. ಒಳಭಾಗದ ರಕ್ತ ಗೇಲನ್ ಅಭಿಧಮನಿಯ ಮೂಲಕ ಮತ್ತೊಂದು ಸೈನಸ್‌ಗೆ ಬರುತ್ತದೆ. ಎರಡೂ ತಲೆಯ ಹಿಂಬದಿಯಲ್ಲಿ ಸಂಗಮಿಸಿ, ಎಡಬಲಕ್ಕೆ ಕವಲೊಡೆದು, ಕಿವಿಗಳ ಹಿಂದಿನಿಂದ ಕುತ್ತಿಗೆಗೆ ಇಳಿಯುತ್ತವೆ.

ನೇತ್ರಾವತಿಯ ಅಳಿವೆ ಕಟ್ಟಿಕೊಂಡರೆ ನೆರೆ ಏರುವುದು ಮೇಲಿನ ಊರುಗಳಲ್ಲಿ. ಇಲ್ಲಿಯೂ ಹಾಗೆಯೇ. ಹೆಪ್ಪು ಅಡ್ಡಬಂದರೆ ಒತ್ತಡ ಹಿಂದಕ್ಕೇರಿ ಮಿದುಳು ಊದಿಕೊಳ್ಳುತ್ತದೆ, ರಕ್ತಸ್ರಾವವೂ ಆಗಬಹುದು.

ಚಿತ್ರದಲ್ಲಿ ಕಾಣುವುದೇನು?

ಸಾಮಾನ್ಯ ಸಿ.ಟಿ. ಸ್ಕ್ಯಾನ್‌ನಲ್ಲಿ ಹೊಸ ಹೆಪ್ಪು ಬಿಳಿಯ ಹಗ್ಗದಂತೆ ಕಾಣಿಸಬಹುದು. ಆದರೆ ಅನೇಕರಲ್ಲಿ ಈ ಗುರುತು ಕಾಣುವುದೇ ಇಲ್ಲ. ಆದ್ದರಿಂದ ಸಿ.ಟಿ. ಸರಿಯಿದೆ ಎಂದಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಕಾಂಟ್ರಾಸ್ಟ್ ಔಷಧ ನೀಡಿ ತೆಗೆದ ಚಿತ್ರದಲ್ಲಿ ಸೈನಸ್‌ನ ಅಂಚು ಬೆಳಗಿ, ಹೆಪ್ಪು ನಡುವೆ ಕಪ್ಪು ತ್ರಿಕೋನವಾಗಿ ಉಳಿಯುವುದುಂಟು. ಎಂ.ಆರ್. ವೆನೋಗ್ರಫಿ ಇಡೀ ಹಾದಿಯ ನಕ್ಷೆಯನ್ನೇ ಬಿಡಿಸುತ್ತದೆ.

ಹಾಗೆಂದು ನಕ್ಷೆಯಲ್ಲಿ ಕಾಣದ ನಾಳವೆಲ್ಲ ಮುಚ್ಚಿದ ನಾಳವಲ್ಲ. ಅನೇಕರಲ್ಲಿ ಒಂದು ಬದಿಯ, ಸಾಮಾನ್ಯವಾಗಿ ಎಡಬದಿಯ, ಸೈನಸ್ ಹುಟ್ಟಿನಿಂದಲೇ ಕಿರಿದಾಗಿರುತ್ತದೆ. ಎಂ.ಆರ್.ಐ. ಚಿತ್ರಗಳೊಡನೆ ತಾಳೆ ನೋಡಿಯೇ ತೀರ್ಮಾನಕ್ಕೆ ಬರಬೇಕಾಗುತ್ತದೆ.

ನೀರು ನಿರಾಕರಿಸಬೇಡಿ

ಗರ್ಭಧಾರಣೆಯಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚುತ್ತದೆ. ಹೆರಿಗೆಯ ನಂತರವೂ ಕೆಲವು ವಾರ ಹಾಗೆಯೇ ಉಳಿಯುತ್ತದೆ. ನಿರ್ಜಲೀಕರಣ, ರಕ್ತಹೀನತೆ, ಸೋಂಕು ಜತೆಗೂಡಿದರೆ ಅಪಾಯ ಇಮ್ಮಡಿಸುತ್ತದೆ. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಈ ದೃಷ್ಟಿಯಿಂದ ಹಾನಿಕರ.

ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಾಣಂತಿಯರ ಈ ಕಾಯಿಲೆಯ ಬಗ್ಗೆ ವಿಶೇಷ ಅಧ್ಯಯನ ನಡೆಸಿದ್ದಾರೆ. ಡಾ. ಡಿ. ನಾಗರಾಜ ಮತ್ತು ಸಹೋದ್ಯೋಗಿಗಳು 1999ರಲ್ಲಿ ಪ್ರಕಟಿಸಿದ ವರದಿ, ಕಡಿಮೆ ಪ್ರಮಾಣದ ಹೆಪಾರಿನ್‌ನಿಂದ ಪ್ರಯೋಜನವಿದೆ ಎಂದು ತಿಳಿಸಿತು. ಹೆಪ್ಪಿನಿಂದಾಗಿ ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೂ ಹೆಪ್ಪುನಿರೋಧಕ ಔಷಧವನ್ನೇ ನೀಡುವುದು ಇಂದು ಅಂಗೀಕೃತ ಚಿಕಿತ್ಸಾಕ್ರಮ.

ದಿನೇ ದಿನೇ ಹೆಚ್ಚುವ ತಲೆನೋವು, ವಾಂತಿ, ಮಂಜಾದ ದೃಷ್ಟಿ, ಕೈಕಾಲುಗಳಲ್ಲಿ ಶಕ್ತಿಗುಂದುವಿಕೆ, ಅಪಸ್ಮಾರ: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಹೆರಿಗೆಯಾಗಿ ಎಷ್ಟು ದಿನವಾಯಿತೆಂದು ವೈದ್ಯರಿಗೆ ಮೊದಲೇ ತಿಳಿಸಬೇಕು. ಸಕಾಲದಲ್ಲಿ ಪತ್ತೆಯಾದರೆ ಹೆಚ್ಚಿನವರು ಗುಣಮುಖರಾಗುತ್ತಾರೆ.