ನಮ್ಮ ಕೈಯಲ್ಲೇ ಇದೆ



ನಿಮ್ಮ ಮನೆಯೊಳಗೆ ಒಮ್ಮೆ ಕಣ್ಣಾಡಿಸಿ. ಸೋಪು ಅಂಗಡಿಯದು. ಹಗ್ಗ ಅಂಗಡಿಯದು. ಮಗುವಿನ ಹಿಟ್ಟಿನ ಡಬ್ಬಿ ಅಂಗಡಿಯದು. ಹಪ್ಪಳ, ಉಪ್ಪಿನಕಾಯಿ, ಸಾರಿನ ಪುಡಿ ಕೂಡ ಎಷ್ಟೋ ಮನೆಗಳಲ್ಲಿ ಈಗ ಅಂಗಡಿಯದೇ.

ಅಂಗಡಿ ಸಾಮಾನು ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಬಲ್ಬು, ಬೆಂಕಿಪೊಟ್ಟಣ, ಔಷಧಿ ಮಾತ್ರೆ ಇವನ್ನು ಮನೆಯಲ್ಲಿ ಮಾಡಲು ಆಗುವುದಿಲ್ಲ. ಮಾಡಲೂ ಬಾರದು. ಆದರೆ ಕೆಲವು ವಸ್ತುಗಳನ್ನು ನಾವೇ ಮಾಡಿಕೊಳ್ಳಬಹುದು. ಮೊದಲಿಂದ ಕೊನೆಯವರೆಗೆ ನಮ್ಮ ಕೈಯಿಂದಲೇ ಮಾಡಿದ ವಸ್ತುವಿನಲ್ಲಿ ಬೇರೆಯೇ ಒಂದು ಖುಷಿ ಇದೆ. ಆ ಖುಷಿ ಎಲ್ಲಿಂದ ಬರುತ್ತದೆ? ಅದರಿಂದ ನಮಗೇನು ಲಾಭ? ನೋಡೋಣ ಬನ್ನಿ.

ಅಡುಗೆಮನೆಯಲ್ಲಿ: ಮೊಳಕೆ ರಾಗಿ ಹಿಟ್ಟು

ರಾಗಿ ನಮಗೆ ಹೊಸದಲ್ಲ. 2023ನೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಆಚರಿಸಿತು. ಆಗ ಪಟ್ಟಣದವರೂ ರಾಗಿ ಹುಡುಕಿಕೊಂಡು ಬಂದರು. ನಾವು ಮಾತ್ರ ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನಿದ್ದೆವು, ಅಲ್ವಾ?

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಅಷ್ಟೇ ಅಕ್ಕಿಯಲ್ಲಿ ಇರುವುದು ಸುಮಾರು 10 ಮಿಲಿಗ್ರಾಂ. ಮೂಳೆ, ಹಲ್ಲು ಗಟ್ಟಿಯಾಗಲು ಈ ಸುಣ್ಣದ ಅಂಶ ಬೇಕು. ಬೆಳೆಯುವ ಮಗುವಿಗಂತೂ ಬೇಕೇ ಬೇಕು.

ಹಿಟ್ಟು ಮಾಡುವುದು ಹೀಗೆ:

1 ಕಿಲೋ ರಾಗಿ ತೆಗೆದುಕೊಳ್ಳಿ. ಕಲ್ಲು, ಕಸ ಆರಿಸಿ. ಮೂರು ನಾಲ್ಕು ಸಲ ತೊಳೆಯಿರಿ. ಶುದ್ಧ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಿ. ಒಂದೆರಡು ದಿನಕ್ಕೆ ಬಿಳಿ ಮೊಳಕೆ ಕಾಣಿಸುತ್ತದೆ. ಹುಳಿ ವಾಸನೆ ಬಂದರೆ, ಲೋಳೆಯಾದರೆ, ಬೂಷ್ಟು ಹಿಡಿದರೆ ಮಗುವಿಗೆ ಬೇಡ. ಎಸೆದುಬಿಡಿ.

ಮೊಳಕೆ ಬಂದ ರಾಗಿಯನ್ನು ತೆಳುವಾಗಿ ಹರಡಿ, ಮೇಲೆ ಬಟ್ಟೆ ಮುಚ್ಚಿ ಚೆನ್ನಾಗಿ ಒಣಗಿಸಿ. ಕೈಯಲ್ಲಿ ಉಜ್ಜಿದರೆ ಒಣಗಿದ ಮೊಳಕೆ ಉದುರುತ್ತದೆ. ಮೊರದಲ್ಲಿ ಕೇರಿ. ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯಿರಿ. ಸೀದು ಹೋಗಬಾರದು. ಆರಿದ ಮೇಲೆ ಬೀಸಿ, ಜರಡಿ ಹಿಡಿದು, ಒಣ ಡಬ್ಬಿಯಲ್ಲಿ ತುಂಬಿಡಿ.

ಮೊಳಕೆ ಬರಿಸುವುದು ಯಾಕೆ?

ಕಾಳಿನೊಳಗೆ ಒಂದು ಪುಟ್ಟ ಸಸಿ ಮಲಗಿರುತ್ತದೆ. ನೀರು ಸಿಕ್ಕ ಕೂಡಲೇ ಅದು ಏಳುತ್ತದೆ. ಅದಕ್ಕೆ ಹಸಿವು! ಆಗ ಕಾಳು ತನ್ನೊಳಗಿನ ಹಿಟ್ಟನ್ನು ಕತ್ತರಿಸಿ ಸಿಹಿಯಾಗಿ ಮಾಡುವ ಒಂದು ರಸ ತಯಾರಿಸುತ್ತದೆ. ಅದಕ್ಕೇ ಮೊಳಕೆ ರಾಗಿ ಹಿಟ್ಟು ಸ್ವಲ್ಪ ಸಿಹಿ.

ಇನ್ನೊಂದು ಲಾಭವೂ ಇದೆ. ಬರೀ ರಾಗಿ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುತ್ತದೆ. ಮಗು ನುಂಗುವುದಿಲ್ಲ ಅಂತ ನಾವು ನೀರು ಹೆಚ್ಚು ಹಾಕುತ್ತೇವೆ. ಆಗ ಮಗುವಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಮೊಳಕೆ ಹಿಟ್ಟಿನ ಗಂಜಿ ತೆಳ್ಳಗೇ ಇರುತ್ತದೆ. ಹಾಗಾಗಿ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಬಹುದು. ಒಂದೇ ಬಟ್ಟಲಿನಲ್ಲಿ ಮಗುವಿಗೆ ಹೆಚ್ಚು ಶಕ್ತಿ ಸಿಗುತ್ತದೆ.

ನೆನಪಿಡಿ: 6 ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲು ಮಾತ್ರ ಸಾಕು. ಆಮೇಲೆ ಗಂಜಿ ಶುರು ಮಾಡಿ. ತಾಯಿಯ ಹಾಲನ್ನೂ ಬಿಡಿಸಬೇಡಿ.

ಈ ಹಿಟ್ಟಿನಲ್ಲಿ ಏನೇನಿದೆ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಆರಿಸಿದವರು ನಾವು, ಹುರಿದವರು ನಾವು. ಕೈಯಾರೆ ಮಾಡಿದ್ದರಲ್ಲಿ ಸಿಗುವ ಮೊದಲ ಖುಷಿ ಇದು.

ಜಗಲಿಯಲ್ಲಿ: ಹಗ್ಗ

ಬಯಲು ಸೀಮೆಯ ಬೇಲಿಗಳಲ್ಲಿ ಕತ್ತಾಳೆ ತಾನಾಗಿ ಬೆಳೆಯುತ್ತದೆ. ಅದರ ಪಟ್ಟೆಯನ್ನು ನೀರಿನಲ್ಲಿ ಕೊಳೆಹಾಕಿ, ಬಡಿದು, ತೊಳೆದರೆ ಬಿಳಿ ನಾರು ಸಿಗುತ್ತದೆ. ಕೆಲಸ ಮಾಡುವಾಗ ಎಚ್ಚರ, ಹಸಿ ಕತ್ತಾಳೆಯ ರಸ ತಾಗಿದರೆ ಮೈ ಕೆರೆತ ಬರುತ್ತದೆ.

ಒಂದು ಎಳೆ ನಾರು ಎಳೆದರೆ ಪಟ್ಟನೆ ಕಿತ್ತುಹೋಗುತ್ತದೆ. ಆದರೆ ಅದೇ ನಾರಿನ ಹಗ್ಗ ಎತ್ತನ್ನು ಹಿಡಿದು ನಿಲ್ಲಿಸುತ್ತದೆ. ಅಂಟು ಹಾಕಿಲ್ಲ, ಮೊಳೆ ಹೊಡೆದಿಲ್ಲ. ಮತ್ತೆ ಹೇಗೆ?

ಬೇಕಾದರೆ ಈಗಲೇ ಮಾಡಿ ನೋಡಿ. ಗೋಣಿಚೀಲದಿಂದ ಒಂದು ಮಾರು ದಾರ ಬಿಚ್ಚಿ. ಒಂದು ತುದಿಯನ್ನು ಪಕ್ಕದವರ ಕೈಗೆ ಕೊಡಿ. ಇನ್ನೊಂದು ತುದಿಯನ್ನು ನೀವು ಬಲಕ್ಕೆ ಚೆನ್ನಾಗಿ ಹೊಸೆಯಿರಿ. ಈಗ ದಾರದ ನಡುವೆ ಹಿಡಿದು ಎರಡು ತುದಿಗಳನ್ನೂ ಸೇರಿಸಿ. ನಡುವನ್ನು ಬಿಟ್ಟುಬಿಡಿ. ದಾರ ತಾನೇ ಗರಗರ ಸುತ್ತಿಕೊಂಡಿತು, ನೋಡಿದಿರಾ?

ಪ್ರತಿ ಎಳೆಯೂ ತನ್ನ ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ. ಹಾಗೆ ಬಿಚ್ಚಿಕೊಳ್ಳಲು ಹೋಗಿ ಎರಡು ಎಳೆಗಳೂ ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಸುತ್ತಿಕೊಳ್ಳುತ್ತವೆ. ಒಂದು ಬಿಚ್ಚಿಕೊಳ್ಳಲು ಹೊರಟರೆ ಇನ್ನೊಂದು ಬಿಗಿಯಾಗುತ್ತದೆ. ಜಗ್ಗಿದಷ್ಟೂ ನಾರುಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಹಗ್ಗದ ಗುಟ್ಟು ಇಷ್ಟೇ.

ಇದು ತಿಳಿದವರಿಗೆ ಹಗ್ಗ ಸವೆದರೆ ಚಿಂತೆ ಇಲ್ಲ. ಸವೆದ ಕಡೆ ಹೊಸ ನಾರು ಸೇರಿಸಿ ಹೊಸೆಯುತ್ತಾರೆ. ಮಾಡಲು ಬಂದವರಿಗೆ ರಿಪೇರಿಯೂ ಬರುತ್ತದೆ. ಇದು ಎರಡನೆಯ ಖುಷಿ.

ಕೆಲಸದ ಕೊಟ್ಟಿಗೆಯಲ್ಲಿ: ಬಣ್ಣದ ಬೊಂಬೆ

ಮನೆಗೆ ಬೇಕಾದದ್ದನ್ನು ಮಾಡಿಕೊಳ್ಳುವುದು ಒಂದು. ಕೈಕೆಲಸದಿಂದಲೇ ಊರಿಗೆ ಹೆಸರು ಬರುವುದು ಇನ್ನೊಂದು. ಬೆಂಗಳೂರು–ಮೈಸೂರು ರಸ್ತೆಯ ಚನ್ನಪಟ್ಟಣವನ್ನು ಬೊಂಬೆಗಳ ಊರು ಎನ್ನುತ್ತಾರೆ. ಅಲ್ಲಿ ಹಾಲೆ ಮರದ ತುಂಡನ್ನು ಒಣಗಿಸಿ, ತಿರುಗುವ ಯಂತ್ರಕ್ಕೆ ಸಿಕ್ಕಿಸಿ, ಉಳಿಯಿಂದ ಕೆತ್ತುತ್ತಾರೆ. ಆಮೇಲೆ ತಿರುಗುತ್ತಿರುವ ಬೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಒಣ ಗರಿಯಿಂದ ತಿಕ್ಕಿದರೆ ಬೊಂಬೆ ಕನ್ನಡಿಯಂತೆ ಹೊಳೆಯುತ್ತದೆ. ಬಣ್ಣ ಹಚ್ಚಲು ಕುಂಚ ಬೇಡ, ಬೆಂಕಿ ಬೇಡ.

ಕಟ್ಟಿಗೆಯ ತುಂಡು ಕಣ್ಣೆದುರೇ ಬೊಂಬೆಯಾಗುತ್ತದೆ. ಆಗ ಮಾಡಿದವರ ಮುಖ ನೋಡಬೇಕು. 'ಇದು ನಾನು ಮಾಡಿದ್ದು' ಎಂಬ ಹೆಮ್ಮೆ ಅಲ್ಲಿರುತ್ತದೆ. ಇದು ಮೂರನೆಯ ಖುಷಿ. ದುಡ್ಡು ಕೊಟ್ಟರೆ ಬೊಂಬೆ ಸಿಕ್ಕೀತು, ಈ ಹೆಮ್ಮೆ ಸಿಗುವುದಿಲ್ಲ.

ಒಂದು ಮಾತು

ಎಲ್ಲವನ್ನೂ ಮನೆಯಲ್ಲೇ ಮಾಡಿ ಅಂದರೆ ಯಾರ ಮೇಲೆ ಹೊರೆ ಬೀಳುತ್ತದೆ? ಹೆಚ್ಚಾಗಿ ಹೆಣ್ಣುಮಕ್ಕಳ ಮೇಲೆ. ಹೊಲದಲ್ಲಿ ದುಡಿದು ಬಂದ ಅಕ್ಕ ರಾತ್ರಿ ಒಬ್ಬಳೇ ಕೂತು ರಾಗಿ ಬೀಸಿದರೆ ಅದರಲ್ಲಿ ಖುಷಿ ಎಲ್ಲಿ ಬಂತು? ಅಣ್ಣ ರಾಗಿ ತೊಳೆಯಲಿ. ಮಗ ಜರಡಿ ಹಿಡಿಯಲಿ. ಮಗಳೂ ಹಗ್ಗ ಹೊಸೆಯಲು ಕಲಿಯಲಿ. ಹಂಚಿಕೊಂಡು ಮಾಡಿದರೆ ಕೆಲಸವೂ ಹಗುರ, ಮಾತುಕತೆಯೂ ಆಯಿತು.

ಈಗ ಬರೆದಿಡಿ

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಎಷ್ಟೋ ಜನ ಮೊದಲ ದಿನ ಹೇಳುವ ಮಾತು ಒಂದೇ. "ನಮಗೇನು ಗೊತ್ತು ಮೇಷ್ಟ್ರೇ, ನಾವು ಹೆಬ್ಬೆಟ್ಟು." ಆದರೆ ಅವರಲ್ಲಿ ಒಬ್ಬರು ಬುಟ್ಟಿ ಹೆಣೆಯುತ್ತಾರೆ. ಒಬ್ಬರು ನೊಗ ಕೆತ್ತುತ್ತಾರೆ. ಇನ್ನೊಬ್ಬರು ಹಾಕಿದ ಉಪ್ಪಿನಕಾಯಿ ವರ್ಷವಾದರೂ ಕೆಡುವುದಿಲ್ಲ. ಇದೆಲ್ಲ ವಿದ್ಯೆ ಅಲ್ಲವೇ?

ಈ ವಿದ್ಯೆ ಇರುವುದು ಕೈಯಲ್ಲಿ. ಅಳತೆ ಕೇಳಿದರೆ ಅಜ್ಜಿ ಹೇಳುತ್ತಾಳೆ: ಒಂದು ಬೊಗಸೆ, ಒಂದು ಹಿಡಿ, ಒಂದು ಚಿಟಿಕೆ. ಅಜ್ಜಿ ಹೋದರೆ ಆ ಬೊಗಸೆಯೂ ಹೋಯಿತು. ಎಷ್ಟೋ ಮನೆಗಳಲ್ಲಿ ಹೀಗೇ ಆಗಿದೆ. ಕೇಳಿದರೆ 'ಅಮ್ಮನಿಗೆ ಗೊತ್ತಿತ್ತು' ಎನ್ನುತ್ತಾರೆ, ಅಷ್ಟೇ.

ಈಗ ನಿಮಗೆ ಅಕ್ಷರ ಬಂದಿದೆ. ಅಜ್ಜಿ ಮುಂದಿನ ಸಲ ಉಪ್ಪಿನಕಾಯಿ ಹಾಕುವಾಗ ಪಕ್ಕದಲ್ಲಿ ಕೂತುಕೊಳ್ಳಿ. ಅವಳ ಬೊಗಸೆಯ ಉಪ್ಪನ್ನು ಪಾವಿನಲ್ಲಿ ಅಳೆಯಿರಿ, ಇಲ್ಲವೇ ತಕ್ಕಡಿಯಲ್ಲಿ ತೂಗಿ. ಪುಸ್ತಕದಲ್ಲಿ ಬರೆಯಿರಿ. ಕೆಳಗೆ ಅಜ್ಜಿಯ ಹೆಸರನ್ನೂ ಬರೆಯಿರಿ.

ನೀವೇ ಮಾಡಿ

1. ನಿಮ್ಮ ಕೈಯಿಂದ ಮಾಡಲು ಬರುವ ಮೂರು ವಸ್ತುಗಳ ಹೆಸರು ಬರೆಯಿರಿ.

2. ಅವುಗಳಲ್ಲಿ ಒಂದಕ್ಕೆ ಏನೇನು ಬೇಕು, ಎಷ್ಟೆಷ್ಟು ಬೇಕು, ಪಟ್ಟಿ ಮಾಡಿ.

3. 1 ಕಿಲೋ ರಾಗಿಯ ಬೆಲೆ ಮತ್ತು ಬೀಸುವ ಕೂಲಿ ಕೂಡಿಸಿ. ಅಂಗಡಿಯ 1 ಕಿಲೋ ಮೊಳಕೆ ರಾಗಿ ಹಿಟ್ಟಿನ ಬೆಲೆಯಲ್ಲಿ ಅದನ್ನು ಕಳೆಯಿರಿ. ಎಷ್ಟು ಉಳಿಯಿತು?

4. ಬರೆದದ್ದನ್ನು ನಾಳೆ ಕೇಂದ್ರದಲ್ಲಿ ಎಲ್ಲರಿಗೂ ಓದಿ ಹೇಳಿ. ನಾವೂ ಕೇಳಿ ಕಲಿಯುತ್ತೇವೆ.