ಮೂರು ಮೆಟ್ಟಿಲು, 240 ಕೆ.ಜಿ. ಓವನ್

ಹೋದ ಸೆಮಿಸ್ಟರಿನಲ್ಲಿ ನಮ್ಮ ಹಾಸ್ಟೆಲ್ ಮೆಸ್ಸಿಗೆ ಗ್ಯಾಸ್ ಓವನ್ ಬಂತು. ಬೇಕರಿಗಳಲ್ಲಿ ಇರುತ್ತಲ್ಲ, ಒಂದರ ಮೇಲೊಂದು ಎರಡು ಡೆಕ್, ಒಳಗೆ ಕಲ್ಲಿನ ಹಾಸು, ಅಂಥದ್ದು. ತೂಕ 240 ಕೆ.ಜಿ. ಅಡುಗೆಮನೆಗೆ ಹತ್ತಬೇಕಾದದ್ದು ಮೂರೇ ಮೆಟ್ಟಿಲು. ಎಂಟು ಜನ ಸೇರಿದ್ರೆ ತಲಾ 30 ಕೆ.ಜಿ., ಎತ್ತಿಬಿಡೋಣ ಅಂತ ಹೊರಟೆವು.

ಲೆಕ್ಕವೇ ತಪ್ಪು. ಮೆಟ್ಟಿಲ ಮೇಲೆ ಓವನ್ ಓರೆಯಾದ ಕೂಡಲೇ ಹೆಚ್ಚಿನ ಭಾರ ಕೆಳಗಿನವರ ಕೈಗೆ ಬರುತ್ತೆ. ಸ್ಟ್ಯಾಂಡ್ ಮೇಲೆ ಕೂತ ಓವನ್ನಿನ ಗುರುತ್ವ ಕೇಂದ್ರವೂ ಎತ್ತರದಲ್ಲಿರುತ್ತೆ. ಅಲ್ಲಿಂದ ಇಳಿಬಿಟ್ಟ ಗೆರೆ ಕಾಲುಗಳ ಆಚೆ ಹೋಯ್ತೋ, ಮಗುಚಿತು ಅಂತಲೇ.

ಲಾರಿ ಜೊತೆ ಬಂದಿದ್ದ ಹಮಾಲಿ ಕಾಕಾ ನಮ್ಮನ್ನು ತಡೆದರು. ಮೊದಲು ಸ್ಟ್ಯಾಂಡ್ ಬಿಚ್ಚಿಸಿದರು, ಒಳಗಿನ ಕಲ್ಲು ತೆಗೆಸಿದರು, ಬಾಗಿಲುಗಳನ್ನು ಹಗ್ಗದಿಂದ ಬಿಗಿಸಿದರು. ತೂಕ 200ಕ್ಕೆ ಇಳಿಯಿತು. ಒಂದೂವರೆ ಮೀಟರ್ ಹಾರೆ, ತುದಿಯಿಂದ 10 ಸೆಂ.ಮೀ. ದೂರಕ್ಕೆ ಮರದ ತುಂಡು: 140 ಭಾಗಿಸು 10, ಅಂದ್ರೆ 14 ಪಟ್ಟು. ಒಂದು ಬದಿಯ 100 ಕೆ.ಜಿ. ಏಳೇ ಕೆ.ಜಿ.ಯಷ್ಟು ಒತ್ತಿದ್ದಕ್ಕೆ ಎದ್ದಿತು. ಅಡಿಗೆ ಪೈಪ್ ತುಂಡುಗಳನ್ನು ಉರುಳೆ ಮಾಡಿ ತೂರಿಸಿದರು. ತೂರಿಸುವಾಗ ಬೆರಳು ಒಳಗೆ ಹಾಕಬಾರದು, ಕೋಲಿನಿಂದ ತಳ್ಳಬೇಕು.

ಮೆಟ್ಟಿಲ ಎತ್ತರ 45 ಸೆಂ.ಮೀ. ನಾವು ತಂದ ಹಲಗೆ ಒಂದೂವರೆ ಮೀಟರಿನದು. ಅದರ ಮೇಲೆ 60 ಕೆ.ಜಿ. ಬಲ ಬೇಕು. ಕಾಕಾ ಹುಡುಕಿಸಿದ 3.6 ಮೀಟರಿನ ಗಟ್ಟಿ ಹಲಗೆಗಳ ಮೇಲೆ 25 ಕೆ.ಜಿ. ಸಾಕು, ಘರ್ಷಣೆಗೆ ಇನ್ನಷ್ಟು. ಹಗ್ಗವನ್ನು ವರಾಂಡದ ಕಾಂಕ್ರೀಟ್ ಕಂಬಕ್ಕೆ ಒಂದು ಸುತ್ತು ಹಾಕಿದರು. ಬೆಲ್ಟ್ ಫ್ರಿಕ್ಷನ್ ಸೂತ್ರ ನೆನಪಿದೆಯಾ? ಘರ್ಷಣಾಂಕ 0.3 ಅಂತಿಟ್ಟರೆ ಒಂದು ಸುತ್ತಿಗೆ ಆರೂವರೆ ಪಟ್ಟು ಹಿಡಿತ. ಎಳೆಯೋರು ದಣಿದು ನಿಂತಾಗ ನಾಲ್ಕು ಕೆ.ಜಿ. ಬಲಕ್ಕೆ ಓವನ್ ಅಲ್ಲೇ ನಿಲ್ಲುತ್ತೆ. ಪರೀಕ್ಷೆಯಲ್ಲಿ ಬರೆದಿದ್ದೆವು, ನೋಡಿರಲಿಲ್ಲ!

ನಮ್ಮಲ್ಲೊಬ್ಬ ಹಿಂದಿನಿಂದ ತಳ್ಳೋಕೆ ಹೋದ. "ಏ ತಮ್ಮಾ, ಕೆಳಗ ನಿಲ್ಬ್ಯಾಡ! ಅದು ಇಳಿಯಾಕ ಶುರುವಾದ್ರ ನಿನ್ನ ಡಿಗ್ರಿ ಕೇಳಂಗಿಲ್ಲ." ಅವನು ಪಕ್ಕಕ್ಕೆ ಸರಿದ ಸ್ವಲ್ಪ ಹೊತ್ತಿಗೆ ಒಂದು ಉರುಳೆ ಓರೆಯಾಗಿ ಓವನ್ ಒಂದಡಿ ಹಿಂದಕ್ಕೆ ಜಾರಿ, ಹಗ್ಗ ಬಿಗಿದು ನಿಂತಿತು. ಯಾರೂ ಮಾತಾಡಲಿಲ್ಲ.

ಕೂರಿಸೋದು ಬೇಗ ಮುಗೀತು. ರಸಮಟ್ಟ ಇಟ್ಟು ಕಾಲು ಸರಿಮಾಡಿದೆವು, ಗೋಡೆಯಿಂದ ಕೈಪಿಡಿ ಹೇಳಿದಷ್ಟು ಜಾಗ ಬಿಟ್ಟೆವು. ಗ್ಯಾಸ್ ಜೋಡಣೆ ಮಾತ್ರ ನಮ್ಮ ಕೆಲಸ ಅಲ್ಲ, ಅದಕ್ಕೆ ಗೊತ್ತಿದ್ದ ಫಿಟ್ಟರ್ ಬಂದರು. ಜೋಡಿಸಿದ ಕಡೆಯೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತಾ ನೋಡಿದರು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡುತ್ತೆ. ಮೇಲಿನ ಕಿಟಕಿ ತೆರೆದಿದೆ ಅಂತ ಧೈರ್ಯ ಮಾಡೋ ಹಾಗಿಲ್ಲ. ಅದಕ್ಕೇ ಸಿಲಿಂಡರ್‌ಗಳನ್ನು ಹೊರಗಿಟ್ಟು, ನೆಲಮಟ್ಟದಲ್ಲಿ ಜಾಲರಿ ಹಾಕಿಸಿದರು.

ಮೊದಲ ದಿನ ಖಾಲಿ ಓವನ್ನನ್ನೇ ಸಣ್ಣ ಉರಿಯಲ್ಲಿ ಕಾಯಿಸಿದರು. ಕಲ್ಲಿನ ತೇವ ನಿಧಾನಕ್ಕೆ ಆರದಿದ್ದರೆ ಬಿರುಕು ಬಿಡುತ್ತಂತೆ. ಬನ್ ಸಿಕ್ಕಿದ್ದು ಮೂರನೇ ದಿನ.